ಗಿರಣಿ ನಿಂತ ಮೇಲೆ ಆ ನೆಲ ಯಾರಿಗೆ?

ಭೂಮಿಯ ಮರುಬಳಕೆ ಎಂಬ ಪಾಠ ಓದುತ್ತಿರುವ ಪಾಲಿಕೆ ಸದಸ್ಯರಿಗೆ, ಜೊತೆಗೆ ಓದುವ ಗೆಳೆಯರಿಗೆ ಈ ಟಿಪ್ಪಣಿ. ದಾವಣಗೆರೆಯವರಿಗೆ ಇದು ಮನೆಯದೇ ವಿಷಯ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದಾವಣಗೆರೆ ಕಾಟನ್ ಮಿಲ್ಲಿನ (ಡಿಸಿಎಂ) ಹೆಸರು ಈಗ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಉಳಿದಿದೆ.

ಮೊದಲು ಕೇಳಬೇಕಾದದ್ದು: ಈ ಜಾಗದಲ್ಲಿ ಹಿಂದೆ ಏನಿತ್ತು? ಖಾತೆ, ಪಹಣಿ ನೋಡಿದರೆ ಮಾಲೀಕ ಯಾರೆಂದು ತಿಳಿಯುತ್ತದೆ. ಬಾಯ್ಲರ್ ಎಲ್ಲಿತ್ತು, ಬಣ್ಣದ ನೀರು ಎತ್ತ ಹರಿಯುತ್ತಿತ್ತು ಎಂಬುದು ಅಲ್ಲಿ ದುಡಿದ ಹಿರಿಯರಿಗೇ ಗೊತ್ತು. ಅವರನ್ನು ಕರೆದುಕೊಂಡು ಜಾಗ ಸುತ್ತಿ ಬನ್ನಿ. ಮಂಡಕ್ಕಿ ಭಟ್ಟಿಗಳಲ್ಲಿ ಹಳೇ ಟೈರ್ ಉರಿಸಿದ ಮಸಿ ಗೋಡೆಯ ಮೇಲೆ ಕಾಣುತ್ತದೆ, ನೆಲಕ್ಕಿಳಿದದ್ದು ಕಾಣುವುದಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಚೆಲ್ಲಿದ ಎಣ್ಣೆ ಅದರೊಳಗೆ ಆಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಮೇಲ್ಮಣ್ಣು ಕೆರೆದು ತಂದರೆ ಸಾಲದು. ಬೇರೆ ಬೇರೆ ಆಳದ ಮಣ್ಣು, ಅಕ್ಕಪಕ್ಕದ ಕೊಳವೆಬಾವಿಯ ನೀರು, ಎರಡನ್ನೂ ಪರೀಕ್ಷೆಗೆ ಕಳಿಸಬೇಕು. ಸೀಸದಂಥ ಲೋಹ ಕೊಳೆತು ಹೋಗುವ ವಸ್ತುವಲ್ಲ. ಗೋದಾಮಿಗೆ ಸಾಕೆನ್ನುವಷ್ಟು ಶುದ್ಧಿ ಅಂಗನವಾಡಿಗೆ ಸಾಲದು, ಮಣ್ಣಾಡಿದ ಮಗು ಅದೇ ಕೈ ಬಾಯಿಗಿಡುತ್ತದೆ. ಕಲುಷಿತ ಸ್ಥಳಗಳ ಬಗ್ಗೆ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ನಿಯಮಗಳನ್ನೇ ತಂದಿದೆ. ಕೆಡಿಸಿದವರೇ ಶುದ್ಧಿಯ ಖರ್ಚು ಭರಿಸಬೇಕೆಂಬುದು ಅದರ ತಿರುಳು.

ಎರಡನೆಯದು, ಆಮೇಲೆ ನೆಲ ಯಾರಿಗೆ? ಇದಕ್ಕೆ ಮುಂಬೈ ಗಿರಣಿಗಳ ಕಥೆ ಓದಲೇಬೇಕು. ಅಲ್ಲಿನ 1991ರ ನಿಯಮದಲ್ಲಿ ಗಿರಣಿ ಜಮೀನನ್ನು ಮೂರು ಪಾಲು ಮಾಡುವ ಲೆಕ್ಕವಿತ್ತು: ಸುಮಾರು ಒಂದು ಪಾಲು ಬಯಲು ಜಾಗಕ್ಕೆ, ಒಂದು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿಯಿಂದ ಕಟ್ಟಡವಿಲ್ಲದ ಖಾಲಿ ಜಾಗವಷ್ಟೇ ಹಂಚಿಕೆಗೆ ಬಂತು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ ತಾನೆ! ಊರಿನ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮದ ಒಂದು ಸಾಲನ್ನು ಓದದೆ ಕೈ ಎತ್ತುವ ಸದಸ್ಯರು ಇದನ್ನು ನೆನಪಿಡಲಿ ಎಂದು ನನ್ನ ಕಳಕಳಿ.

ನಮ್ಮಲ್ಲಿ ಅಧಿಕಾರ ಎಲ್ಲಿದೆ? ಸಂವಿಧಾನದ 12ನೇ ಅನುಸೂಚಿಯ 18 ವಿಷಯಗಳಲ್ಲಿ ನಗರ ಯೋಜನೆ, ಭೂಬಳಕೆ ಎರಡೂ ಇವೆ. ಆದರೂ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ, ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡುವ ಮಾಸ್ಟರ್ ಪ್ಲ್ಯಾನ್ ಸಿದ್ಧಪಡಿಸುವುದು ಪಾಲಿಕೆಯಲ್ಲ, ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಹಾಗಾಗಿ ಕರಡು ಪ್ರಕಟವಾದಾಗ, ಇಲ್ಲವೇ ಭೂಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ, ವಾರ್ಡಿನವರ ಜೊತೆ ಕೂತು ಆಕ್ಷೇಪಣೆ ಬರೆಯಿರಿ. ಸರ್ವೆ ನಂಬರ್, ಹಿಂದೆ ಅಲ್ಲಿ ನಡೆಯುತ್ತಿದ್ದ ಕೆಲಸ, ಮಣ್ಣಿನ ವರದಿ, ವಾರ್ಡಿಗೆ ಬೇಕಾದ ಪಾಲು, ನಾಲ್ಕೂ ಅದರಲ್ಲಿರಲಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.