ಪಾಲು ಹಾಲಾದದ್ದು ಸುಮ್ನೆ ಅಲ್ಲ

ಲ್ಯಾಟಿನ್‌ನಲ್ಲಿ 'ಹಬೇರೆ' ಅಂದರೆ ತನ್ನ ಬಳಿ ಇರುವುದು. ಇಂಗ್ಲಿಷಿನಲ್ಲಿ ಅದಕ್ಕೆ 'ಹ್ಯಾವ್' ಅಂತಾರೆ. ಸದ್ದೂ ಒಂದೇ ಥರ, ಅರ್ಥವೂ ಒಂದೇ, ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಹ್ಯಾವ್‌ಗೆ ನಿಜವಾದ ನೆಂಟ ಲ್ಯಾಟಿನ್‌ನ 'ಕಪೆರೆ', ಅಂದರೆ ಹಿಡಿಯುವುದು. ಯಾಕೆಂದರೆ ಲ್ಯಾಟಿನ್ ಪದದ ಮೊದಲಲ್ಲಿ ಕ ಇದ್ದರೆ ಇಂಗ್ಲಿಷಿನ ಸ್ವಂತ ಪದದಲ್ಲಿ ಅಲ್ಲಿ ಹ ಇರುತ್ತದೆ: ಕೋರ್ನು-ಹಾರ್ನ್, ಕೆಂಟುಮ್-ಹಂಡ್ರೆಡ್. 1822ರಲ್ಲಿ ಇಂಥ ಬದಲಾವಣೆಗಳನ್ನು ಒಂದು ನಿಯಮವಾಗಿ ಜೋಡಿಸಿಟ್ಟವನು ಯಾಕೋಬ್ ಗ್ರಿಮ್. ತಮ್ಮನ ಜೊತೆ ಸೇರಿ ಜನಪದ ಕತೆಗಳನ್ನು ಕಲೆಹಾಕಿದ ಅದೇ ಗ್ರಿಮ್.

ಪದಗಳ ಮೂಲ ಹುಡುಕುವುದು ಅಂದರೆ ಇದು. ಎರಡು ಪದ ಕಿವಿಗೆ ಒಂದೇ ಥರ ಕೇಳಿದ ತಕ್ಷಣ 'ನೋಡಿ, ಇದು ನಮ್ಮಿಂದಲೇ ಹೋದದ್ದು' ಅಂತ ಕುಣಿಯುವುದಲ್ಲ. ಒಂದು ಜೋಡಿ ಹೋಲಿದರೆ ಅದು ಆಕಸ್ಮಿಕ ಇರಬಹುದು. ಅದೇ ವ್ಯತ್ಯಾಸ ಇಪ್ಪತ್ತು ಜೋಡಿಗಳಲ್ಲಿ ತಪ್ಪದೆ ಕಂಡರೆ ಮಾತ್ರ ಅದು ಸಾಕ್ಷಿ.

ಇದಕ್ಕೆ ಲ್ಯಾಟಿನ್ ಕೂಡ ಬೇಕಿಲ್ಲ, ಕನ್ನಡವೇ ಸಾಕು. ತಮಿಳಿನ ಪಾಲ್, ಪುಲಿ, ಪಲ್, ಪತ್ತು, ಪಲ್ಲಿ ನಮ್ಮಲ್ಲಿ ಹಾಲು, ಹುಲಿ, ಹಲ್ಲು, ಹತ್ತು, ಹಲ್ಲಿ. ಹತ್ತನೇ ಶತಮಾನದ ಪಂಪ ಬರೆದದ್ದೂ ಪಾಲ್, ಪುಲಿ ಅಂತಲೇ. ಆಮೇಲೆ ಪದದ ಮೊದಲಿನ ಪಕಾರ ಹಕಾರವಾಗುತ್ತಾ ಬಂತು.

ಹೇಗೆ ಅಂತ ನೋಡಬೇಕಾದರೆ ಬಾಯಿಯ ಮುಂದೆ ಅಂಗೈ ಇಟ್ಟುಕೊಂಡು 'ಪ' ಅನ್ನಿ. ಎರಡು ತುಟಿ ಗಟ್ಟಿಯಾಗಿ ಮುಚ್ಚಿ, ಫಟ್ಟನೆ ತೆರೆದು, ಗಾಳಿ ಹೊರಬರುತ್ತದೆ. ಈಗ ತುಟಿಗಳನ್ನು ಪೂರ್ತಿ ಮುಚ್ಚದೆ ಸ್ವಲ್ಪ ಸಡಿಲ ಬಿಟ್ಟು ಅದನ್ನೇ ಹೇಳಿ: ದೀಪ ಆರಿಸುವಾಗ ಊದಿದ ಹಾಗೆ ಒಂದು ಸದ್ದು ಬರುತ್ತೆ. ತುಟಿಗಳ ಕೆಲಸವನ್ನು ಪೂರ್ತಿ ಕೈಬಿಟ್ಟರೆ ಉಳಿಯುವುದು ಬರೀ ಗಾಳಿ, ಅದೇ ಹ. ಹಾಗಾದರೆ ಅಪ್ಪ, ಉಪ್ಪು, ತಪ್ಪು ಯಾಕೆ ಉಳಿದವು? ಒತ್ತಕ್ಷರದಲ್ಲಿ ತುಟಿ ಜಾಸ್ತಿ ಹೊತ್ತು ಮುಚ್ಚಿರುತ್ತದೆ, ಅದು ಅಷ್ಟು ಸುಲಭಕ್ಕೆ ಸಡಿಲಾಗುವುದಿಲ್ಲ. ಕೆಂಪು, ಗುಂಪುಗಳಲ್ಲಿ ಪಕಾರದ ಹಿಂದಿರುವ ಮ್ ಕೂಡ ತುಟಿ ಮುಚ್ಚಿಯೇ ಹುಟ್ಟುವ ಸದ್ದು, ಅಲ್ವಾ? ಅಲ್ಲೂ ಪ ಉಳಿಯಿತು. ನಿಯಮ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೂ ಬಾಯಲ್ಲೇ ಕಾರಣ ಇದೆ ಅನ್ನುವುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ.

ಶಾಲೆಯಲ್ಲಿ ಇದರ ಸುಳಿವೂ ಸಿಗುವುದಿಲ್ಲ. ತತ್ಸಮ-ತದ್ಭವ ಅಂತ ಒಂದು ಪಟ್ಟಿ ಕೊಡುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ, ಅಂಕ ಬರುತ್ತದೆ, ಮರೆತುಹೋಗುತ್ತದೆ. ಹದಿಮೂರನೇ ಶತಮಾನದಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ತದ್ಭವಗಳಿಗೆ ಸೂತ್ರಗಳನ್ನೇ ಕೊಟ್ಟಿದ್ದ. ನಾವು ಸೂತ್ರ ಬಿಟ್ಟು ಪಟ್ಟಿ ಮಾತ್ರ ಉಳಿಸಿಕೊಂಡೆವು! 1816ರಲ್ಲಿ ಮದರಾಸಿನ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ತೆಲುಗು, ತಮಿಳು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಒಂದು ಬೇರೆ ಕುಟುಂಬ ಅಂತ ತೋರಿಸಿದ್ದು ಕೂಡ ಪದಗಳ ಬೇರುಗಳನ್ನು ಸಾಲಾಗಿ ಪಕ್ಕಪಕ್ಕ ಇಟ್ಟೇ. ಇಷ್ಟಾದರೂ ಎಲ್ಲ ಭಾಷೆಗೂ ಸಂಸ್ಕೃತವೇ ತಾಯಿ ಅನ್ನುವ ಮಾತು ಇನ್ನೂ ಓಡಾಡುತ್ತಲೇ ಇದೆ.

ಕಲಿಸುವುದು ಕಷ್ಟವೇನಲ್ಲ. ಮಕ್ಕಳಿಗೆ ಯೋಗಿ-ಜೋಗಿ, ಯುಗ-ಜುಗ, ಯಾತ್ರೆ-ಜಾತ್ರೆ ಕೊಟ್ಟು ನಿಯಮ ಅವರೇ ಹೇಳಲಿ ಅಂತ ಬಿಡಬೇಕು. ಆಮೇಲೆ 'ಯೌವನ' ಏನಾಗಬೇಕು ಅಂತ ಕೇಳಬೇಕು. ಜಕಾರದಿಂದ ಶುರುವಾಗಬೇಕು ಅಂತ ಅವರೇ ಊಹಿಸಿ, ಆಮೇಲೆ ನಿಘಂಟು ತೆಗೆದು 'ಜವ್ವನ' ನೋಡಿದಾಗ ಆಗುವ ಖುಷಿಯೇ ಬೇರೆ. ಸಂಧ್ಯೆ ಸಂಜೆಯಾದರೆ ವಿದ್ಯೆ ಏನಾದೀತು? ಬಿಜ್ಜೆ. ವ ಬ ಆದದ್ದು ಯಾಕೆ ಅಂತ ಯಾರಾದರೂ ತಕರಾರು ತೆಗೆದರೆ ಇನ್ನೂ ಒಳ್ಳೆಯದು. ತಮಿಳಿನ ವಿಲ್, ವೇರ್, ವಾಯ್ ಪಕ್ಕಕ್ಕೆ ನಮ್ಮ ಬಿಲ್ಲು, ಬೇರು, ಬಾಯಿ ಇಟ್ಟು ಅವರ ಕೈಗೇ ಕೊಡಬಹುದು.

ಜಾಣ ಮಗು ಒಂದು ಕೇಳೇ ಕೇಳುತ್ತದೆ: ಹಾಗಾದರೆ ಪುಸ್ತಕ ಯಾಕೆ ಹುಸ್ತಕ ಆಗಲಿಲ್ಲ? ಆಗಿದೆ, ಬೇರೆ ರೂಪದಲ್ಲಿ. ಜನರ ಬಾಯಲ್ಲಿ ಸವೆದು ಅದು ಮೊದಲು ಪೊತ್ತಗೆ ಆಯಿತು, ಆಮೇಲೆ ಹೊತ್ತಗೆ. ಓದಿದವರು ಸಂಸ್ಕೃತದ ರೂಪವನ್ನು ಹಾಗೇ ಇಟ್ಟುಕೊಂಡರು, ಅದಕ್ಕೇ ಪುಸ್ತಕವೂ ಉಳಿಯಿತು.