ಅಕ್ಕಡಿ ಸಾಲು ತಪ್ಪಿದ್ದು ಎಲ್ಲಿ?

ರಾಗಿ ಬಿತ್ತುವ ದಿನ ನಮ್ಮಜ್ಜಿ ಮಡಿಲಲ್ಲಿ ಒಂದು ಗಂಟು ಕಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಒಂದು ಹಿಡಿ ಜೋಳ. ತಾತ ಎತ್ತು ಕಟ್ಟಿ ಕೂರಿಗೆ ಹೊಡೆಯುತ್ತಿದ್ದರು. ಕೂರಿಗೆ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಬಿದಿರ ಕೊಳವೆ ಹಿಡಿದು ಅಜ್ಜಿ ನಡೆಯುತ್ತಾ ಕಾಳು ಬಿಡುತ್ತಿದ್ದರು. ಅಷ್ಟು ಸಾಲು ರಾಗಿ, ನಡುವೆ ಬೆರಕೆ ಕಾಳಿನ ಒಂದು ಸಾಲು, ಅದೇ ಅಕ್ಕಡಿ. ಮುಳಬಾಗಿಲು ಕಡೆಯ ನಮ್ಮೂರಲ್ಲಿ ಆಗ ಅಕ್ಕಡಿ ಇಲ್ಲದ ರಾಗಿ ಹೊಲವೇ ಇರಲಿಲ್ಲ.

ಆ ಗಂಟಿನ ಲೆಕ್ಕ ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ. ಅಲಸಂದೆ ಸೊಪ್ಪು ಮೊದಲು ಸಾರಿಗೆ ಬರುತ್ತಿತ್ತು. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಹೊಲದ ತುಂಬ ಜೇನುನೊಣ. ಕಾರ್ತಿಕದ ಹೊತ್ತಿಗೆ ರಾಗಿ ಕೊಯ್ಲು. ರಾಗಿ ಹೋದಮೇಲೆ ಅವರೆಗೆ ಬಿಸಿಲು, ಜಾಗ ಎರಡೂ ಸಿಕ್ಕಿ ಹರಡಿಕೊಳ್ಳುತ್ತಿತ್ತು. ಮಂಜು ಬಿದ್ದಷ್ಟೂ ಕಾಯಿಯಲ್ಲಿ ಸೊನೆ ಜಾಸ್ತಿ. ಸಂಕ್ರಾಂತಿ ಆಸುಪಾಸಿಗೆ ತೊಗರಿ. ಹುಲ್ಲು ದನಕ್ಕೆ, ಸಗಣಿ ತಿಪ್ಪೆಗೆ, ಗೊಬ್ಬರ ಮತ್ತೆ ಹೊಲಕ್ಕೆ. ಅವರೆ, ತೊಗರಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಒಂದಿಷ್ಟು ಬಿಡುತ್ತಿದ್ದವು. ನಡುವೆ ಮಳೆ ಕೈಕೊಟ್ಟು ರಾಗಿ ಸೊರಗಿದರೂ, ಆಳಕ್ಕೆ ಬೇರು ಬಿಡುವ ತೊಗರಿ ಉಳಿಯುತ್ತಿತ್ತು. ಇದು ಹಳೇ ಪದ್ಧತಿ. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ರಾಗಿ ಹೊಲದೊಳಗಿನ ಅವರೆ, ತೊಗರಿ ಸಾಲುಗಳ ಬಗ್ಗೆ ಬರೆದಿಟ್ಟಿದ್ದಾನೆ.

ಹೊಲವನ್ನು ಹೀಗೆ ಒಟ್ಟಾಗಿ ನೋಡುವ ಓದಿಗೆ ಇವತ್ತು ಅಗ್ರೋಇಕಾಲಜಿ ಎನ್ನುತ್ತಾರೆ. ಕನ್ನಡದಲ್ಲಿ ಕೃಷಿ ಪರಿಸರ ವಿಜ್ಞಾನ ಎನ್ನಬಹುದು. ಈ ಪದವನ್ನು 1920ರ ದಶಕದ ಕೊನೆಯಲ್ಲಿ ಬಳಕೆಗೆ ತಂದವರು ರಷ್ಯಾ ಮೂಲದ ಬೇಸಿಲ್ ಬೆನ್ಸಿನ್. ಆದರೆ ಅದಕ್ಕೆ ಜೀವ ಬಂದಿದ್ದು ಮೆಕ್ಸಿಕೋದಲ್ಲಿ. ಎಫ್ರಾಯಿಮ್ ಹೆರ್ನಾಂಡೆಸ್ ಎಂಬ ಸಸ್ಯವಿಜ್ಞಾನಿ ತಮ್ಮ ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ದು, ಮೊದಲು ರೈತರಿಂದ ಕಲಿಯಿರಿ ಎಂದರು. ಅಲ್ಲಿನ ಹೊಲಕ್ಕೆ ಮಿಲ್ಪಾ ಅಂತ ಹೆಸರು. ಮುಸುಕಿನ ಜೋಳ, ಬೀನ್ಸ್, ಕುಂಬಳ ಒಟ್ಟಿಗೇ ಬೆಳೆಯುತ್ತಾರೆ. ಬೀನ್ಸ್ ಬಳ್ಳಿ ಜೋಳದ ದಂಟಿಗೆ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಓದುವಾಗ ನನಗೆ ಅಜ್ಜಿಯ ಗಂಟೇ ನೆನಪಾಯಿತು. 1970ರ ದಶಕದಲ್ಲಿ ಸ್ಟೀಫನ್ ಗ್ಲೀಸ್‌ಮನ್ ಎಂಬ ಅಮೆರಿಕನ್ ಇದನ್ನು ಕಲಿತಿದ್ದು ಅಲ್ಲಿನ ತಬಾಸ್ಕೊ ರಾಜ್ಯದಲ್ಲಿ. ಮುಂದೆ ಅವರು ಮತ್ತು ಚಿಲಿ ದೇಶದ ಮಿಗೆಲ್ ಆಲ್ಟಿಯೆರಿ ಇದನ್ನು ವಿಶ್ವವಿದ್ಯಾಲಯದ ಪಾಠವಾಗಿಸಿದರು.

ಅವರು ಹೀಗೆ ಜೋಡಿಸಿ ನೋಡಲು ಕಲಿಯುತ್ತಿದ್ದಾಗ, ನಾವು ಬಿಡಿಸಿ ನೋಡಲು ಕಲಿಯುತ್ತಿದ್ದೆವು. ಇದು ಬೈಗುಳ ಅಲ್ಲ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಬಡವರ ಹೊಟ್ಟೆ ತುಂಬಿತು. ಆ ಋಣ ದೊಡ್ಡದು. ಆದರೆ ರಾಗಿ ಇಳುವರಿ ಒಂದೇ ಲೆಕ್ಕಕ್ಕೆ ಬಂದಾಗ, ಅಕ್ಕಡಿ ಸಾಲು ಜಾಗ ತಿನ್ನುವ ಸಾಲಿನಂತೆ ಕಂಡಿತು. ಕಳೆನಾಶಕ ಬಂತು, ಅವರೆ ಸಾಲು ಅದಕ್ಕೆ ಅಡ್ಡ. ಕೊಯ್ಲಿನ ಯಂತ್ರ ಬಂತು, ತೊಗರಿ ಗಿಡ ಅದಕ್ಕೂ ಅಡ್ಡ.

ಸೌದೆ, ಮರದ ಕೊರತೆಗೆ ನೀಲಗಿರಿ ಬಂತು. ಟಿಪ್ಪು ಕಾಲದಲ್ಲೇ ನಂದಿಬೆಟ್ಟದಲ್ಲಿ ನೆಟ್ಟಿದ್ದರು ಎನ್ನುತ್ತಾರೆ. ಅಲ್ಲಿಂದ ಹರಡಿದ ತಳಿಗೆ ‘ಮೈಸೂರು ಗಮ್’ ಅಂತಲೇ ಹೆಸರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅದು ರಾಗಿ ಹೊಲಕ್ಕೇ ಇಳಿಯಿತು. ಕೂಲಿ ಬೇಡ, ಕಾವಲು ಬೇಡ, ಕಡಿದರೆ ದುಡ್ಡು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿ, ಅಲ್ಲೇ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಆ ಬೀಜಗಳಲ್ಲಿ ನೆರಳು, ಹಣ್ಣು, ಸೌದೆ ಎಲ್ಲ ಇತ್ತು ಅಲ್ವಾ? ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, 34 ವರ್ಷ ಕಳೆದಮೇಲೆ.

ನೀರಿನ ಕಥೆಯೂ ಇದೇ. ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವ ಸರಪಳಿಯೇ ನಮ್ಮ ನದಿ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ನೀರಗಂಟಿ ಇದ್ದ. ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಬೋರ್‌ವೆಲ್ ಬಂದಮೇಲೆ ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ನೀರು ಇಂಗಲಿಲ್ಲ, ಬೋರು ಬತ್ತಿತು. ಇನ್ನೂ ಆಳಕ್ಕೆ ಕೊರೆಸಿದರು. ಕೆಲವು ಕಡೆ 1,500 ಅಡಿ ದಾಟಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ಪಕ್ಕದ ಬೋರುಗಳಲ್ಲಿ ಮತ್ತೆ ನೀರು ಬಂತು, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಜನ ಕೇಳುತ್ತಿರುವುದೂ ನ್ಯಾಯವೇ. ಅದೇ ನೀರು ಮಣ್ಣಿಗೆ, ಸೊಪ್ಪಿಗೆ, ಹಸುವಿನ ಬಾಯಿಗೆ ಹೋಗುತ್ತದೆ.

ಇಂಥ ಸಿಕ್ಕುಗಳನ್ನು ಕಲಿಸುವುದು ಹೇಗೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪೀಟರ್ ಚೆಕ್‌ಲ್ಯಾಂಡ್ ಒಂದು ದಾರಿ ತೋರಿಸಿದರು. ಸಮಸ್ಯೆ ಯಾವುದು ಎಂಬುದನ್ನೇ ಎಲ್ಲರೂ ಒಪ್ಪದ ಕಡೆ, ಮೊದಲು ಇಡೀ ಪರಿಸ್ಥಿತಿಯ ಚಿತ್ರ ಬರೆಯಿರಿ ಎಂದರು. ಜನ, ದುಡ್ಡು, ಜಗಳ, ನೀರು ಎಲ್ಲ ಅದರಲ್ಲಿ ಬರಬೇಕು. ಆಸ್ಟ್ರೇಲಿಯಾದ ಹಾಕ್ಸ್‌ಬರಿ ಕೃಷಿ ಕಾಲೇಜು ಈ ವಿಚಾರವನ್ನು ಹೊಲಕ್ಕೆ ತಂದಿತು. ನಾರ್ವೆಯ ಕೃಷಿ ವಿಶ್ವವಿದ್ಯಾಲಯದ ಅಗ್ರೋಇಕಾಲಜಿ ಓದಿನಲ್ಲೂ ಪುಸ್ತಕಕ್ಕಿಂತ ಮೊದಲು ವಿದ್ಯಾರ್ಥಿಗಳು ರೈತರ ಜಮೀನಿಗೆ ಹೋಗುತ್ತಾರೆ.

ಹೋದ ವರ್ಷ ಚಿಕ್ಕಪ್ಪನ ಜಗಲಿ ಮೇಲೆ ಕೂತು, ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ನಾನೂ ಬರೆದು ನೋಡಿದೆ. ನಡುವೆ ಬೋರು. ಬೋರಿನ ಸಾಲ ತೀರಿಸಲು ಟೊಮೆಟೊ. ಟೊಮೆಟೊಗೆ ಇನ್ನೂ ನೀರು. ಬೆಲೆ ಬಿದ್ದರೆ ಬಾಕ್ಸಿನ ಬಾಡಿಗೆಯೂ ಹುಟ್ಟಲ್ಲ, ಮತ್ತೆ ಸಾಲ, ಮತ್ತೆ ಬೋರು. ಗೆರೆ ಸುತ್ತಿ ಮೊದಲಿಗೇ ಬಂತು. ಚಿಕ್ಕಪ್ಪ ನೋಡಿ, “ಹಸು ಎಲ್ಲಪ್ಪ?” ಎಂದರು. ಮನೆ ನಡೆಯುವುದೇ ಡೈರಿ ಬಟವಾಡೆಯಲ್ಲಿ. ಸೀಮೆಹಸುಗೆ ಹಸಿ ಮೇವು, ಅದಕ್ಕೂ ಬೋರಿನ ನೀರು. ಆಮೇಲೆ ಚಿಕ್ಕಮ್ಮ ಒಳಗಿನಿಂದಲೇ, “ಹಾಲು ಕರೆಯೋರು ಯಾರು ಅಂತಾನೂ ಬರ್ಕೊ” ಎಂದರು. ನನ್ನ ಚಿತ್ರದಲ್ಲಿ ಅವರ ದುಡಿಮೆಗೆ ಒಂದು ಗೆರೆಯೂ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈಗ 8 ಸಾಲು ರಾಗಿಗೆ 2 ಸಾಲು ತೊಗರಿ ಶಿಫಾರಸು ಮಾಡುತ್ತದೆ. ಒಳ್ಳೆಯದೇ, ಆದರೆ ಅಜ್ಜಿಯ ಗಂಟಿನಲ್ಲಿ ಆರು ಕಾಳಿತ್ತು. ಚಿಕ್ಕಪ್ಪನೂ ಅದನ್ನೇ ಹೇಳಿದರು. “ಅರ್ಧ ಎಕರೆಗೆ ಅಕ್ಕಡಿ ಹಾಕೋಣ. ಹುಚ್ಚೆಳ್ಳು ಬೀಜ ಯಾರ ಮನೇಲಿದೆ?”

ಮೂರು ಮನೆ ಕೇಳಿದೆವು, ಇರಲಿಲ್ಲ. ನಾಲ್ಕನೇ ಮನೆಯ ಅಜ್ಜಿ ಅಟ್ಟದಿಂದ ಒಂದು ಡಬ್ಬ ಇಳಿಸಿಕೊಟ್ಟರು. ಬೂದಿ ಕಲೆಸಿಟ್ಟ ಒಂದು ಪಾವು ಹುಚ್ಚೆಳ್ಳು. ಬಿದಿರ ಕೊಳವೆ ಮಾತ್ರ ಊರಲ್ಲಿ ಎಲ್ಲೂ ಸಿಗಲಿಲ್ಲ. ಟ್ರ್ಯಾಕ್ಟರ್ ರಾಗಿ ಬಿತ್ತಿ ಹೋದಮೇಲೆ ಚಿಕ್ಕಪ್ಪ ಗುದ್ದಲಿಯಲ್ಲಿ ಸಾಲು ಎಳೆದರು, ಚಿಕ್ಕಮ್ಮ ಹಿಂದೆ ನಡೆಯುತ್ತಾ ಕೈಯಲ್ಲೇ ಕಾಳು ಬಿಟ್ಟರು.