ಹಿಟ್ಟೈಟರ ಗದ್ದುಗೆ ಯಾರಿಗೆ? ತೆಲಿಪಿನು ಕಟ್ಟಳೆ ಎಡವಿದ ಬಗೆ

ಕ್ರಿ.ಪೂ. 1525ರ ಸುಮಾರಿಗೆ ಅನಟೋಲಿಯಾದ ಹಿಟ್ಟೈಟ್ ದೊರೆ ತೆಲಿಪಿನು, ಗದ್ದುಗೆ ಯಾರಿಗೆ ಸೇರಬೇಕೆಂದು ಕಟ್ಟಳೆ ಮಾಡಿ ಬರೆಸಿಟ್ಟ. ಮೊದಲ ದರ್ಜೆಯ ಕುಮಾರ, ಅಂದರೆ ಪಟ್ಟದರಸಿಯ ಮಗ, ದೊರೆಯಾಗಬೇಕು. ಅವನಿಲ್ಲದಿದ್ದರೆ ಎರಡನೇ ದರ್ಜೆಯ ಹೆಂಡತಿಯ ಮಗ. ಗಂಡು ಸಂತಾನವೇ ಇಲ್ಲದಿದ್ದರೆ ಪಟ್ಟದರಸಿಯ ಮಗಳಿಗೆ ಮನೆಯಳಿಯನನ್ನು ತಂದು ಅವನಿಗೆ ಪಟ್ಟ ಕಟ್ಟಬೇಕು. ರಾಜಧಾನಿ ಹತ್ತೂಸ ಇದ್ದದ್ದು ಇಂದಿನ ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ. ಅಲ್ಲಿ 1906ರಲ್ಲಿ ಶುರುವಾದ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಫಲಕಗಳಿಂದಲೇ ಈ ವಂಶದ ಕಥೆ ನಮಗೆ ತಿಳಿದಿರುವುದು.

ತೆಲಿಪಿನುವಿಗೆ ಮುಂಚೆ ನಡೆಯುತ್ತಿದ್ದುದು ದೊರೆಯ ಬಾಯಿಮಾತು. ಒಂದನೇ ಹತ್ತುಸಿಲಿಯ ಕೊನೆಗಾಲದ ಮಾತುಗಳನ್ನು ದಾಖಲಿಸಿದ ಫಲಕವೊಂದು ಉಳಿದಿದೆ. ಕುಸ್ಸರದಲ್ಲಿ ಕಾಯಿಲೆ ಬಿದ್ದಿದ್ದ ಅವನು, ತಾನೇ ದತ್ತು ತೆಗೆದುಕೊಂಡಿದ್ದ ಸೋದರಿಯ ಮಗನನ್ನು ಅಲ್ಲಿ ತಳ್ಳಿಹಾಕುತ್ತಾನೆ. ತಾನು ನರಳುತ್ತಿದ್ದರೂ ಅವನ ಕಣ್ಣಲ್ಲಿ ನೀರು ಬರಲಿಲ್ಲ, ತಾಯಿ ಎಂಬ ಹಾವಿನ ಮಾತನ್ನೇ ಕೇಳಿದ ಎಂಬುದು ದೂರು. ಆದರೂ ಅವನನ್ನು ಕೊಲ್ಲಿಸದೆ ಮನೆ, ಹೊಲ, ದನ, ಕುರಿ ಕೊಟ್ಟು ದೂರ ಇಟ್ಟ. ಪಟ್ಟವನ್ನು ಇನ್ನೂ ಎಳೆಯನಾಗಿದ್ದ ಮೊಮ್ಮಗ ಮುರ್ಸಿಲಿಗೆ ವಹಿಸಿದ.

ಆ ಮುರ್ಸಿಲಿ ಅಲೆಪ್ಪೊ ಗೆದ್ದ, ಕ್ರಿ.ಪೂ. 1595ರ ಸುಮಾರಿಗೆ ಬ್ಯಾಬಿಲೋನನ್ನೂ ಸೂರೆಗೈದ. ಮರಳಿ ಬಂದ ಮೇಲೆ ಅವನನ್ನು ಕೊಂದವನು ಅವನ ಸೋದರಿಯ ಗಂಡ ಹಂತಿಲಿ. ಆಸ್ಥಾನದಲ್ಲಿ ದೊರೆಗೆ ಪಾನಪಾತ್ರೆ ನೀಡುವ ಅಧಿಕಾರಿ. ಜೊತೆಗಿದ್ದವನು ಜಿದಂತ. ಹಂತಿಲಿ ಮುದುಕನಾದಾಗ ಇದೇ ಜಿದಂತ ಅವನ ಮಗನನ್ನೂ ಮೊಮ್ಮಕ್ಕಳನ್ನೂ ಕೊಂದು ದೊರೆಯಾದ. ಜಿದಂತನನ್ನು ಅವನ ಮಗ ಅಮ್ಮುನನೇ ಕೊಂದ. ಅಮ್ಮುನನ ನಂತರ ಇನ್ನೆರಡು ಮನೆಗಳು ಮಕ್ಕಳುಮರಿಗಳ ಸಮೇತ ನಾಶವಾಗಿ ಹುಜ್ಜಿಯ ಗದ್ದುಗೆ ಏರಿದ. ಅವನ ಅಕ್ಕನ ಗಂಡ ತೆಲಿಪಿನು. ತನ್ನನ್ನೂ ಕೊಲ್ಲುವ ಸಂಚು ಬಯಲಾದಾಗ ಅವನು ಹುಜ್ಜಿಯನನ್ನು ಓಡಿಸಿ ಪಟ್ಟ ಹಿಡಿದ.

ತೆಲಿಪಿನು ಕಟ್ಟಳೆಯ ದೊಡ್ಡ ಗುಣ ಅದರ ಶಿಕ್ಷೆಯ ಭಾಗದಲ್ಲಿದೆ. ರಾಜಮನೆತನದವರು ತಪ್ಪು ಮಾಡಿದರೆ ತಮ್ಮ ತಲೆಯನ್ನಷ್ಟೇ ಕೊಡಬೇಕು. ಹೆಂಡತಿ, ಮಕ್ಕಳು, ಹೊಲ, ದ್ರಾಕ್ಷಿತೋಟ, ಆಳುಗಳನ್ನು ಯಾರೂ ಮುಟ್ಟಬಾರದು. ಅಣ್ಣತಮ್ಮಂದಿರಿಗೆ ಕೇಡು ಬಗೆಯುವ ದೊರೆಗೆ ಹಳೆಯ ರಕ್ತಪಾತವನ್ನು ಫಲಕದಲ್ಲಿ ಓದಿಕೋ ಎಂದು ಹೇಳುವ ಅಧಿಕಾರ 'ಪಂಕು' ಎಂಬ ಸಭೆಗಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಎಡವಿದ್ದು ಎರಡು ಕಡೆ. ಪಟ್ಟದರಸಿಗೆ ಹಲವು ಗಂಡುಮಕ್ಕಳಿದ್ದರೆ ಯಾರು ಎಂಬುದಕ್ಕೆ ಕಟ್ಟಳೆಯಲ್ಲಿ ಉತ್ತರವಿಲ್ಲ. ಹಿರಿಯನೇ ಆಗಬೇಕೆಂದೇನಿಲ್ಲ, ಆಯ್ಕೆ ದೊರೆಯದು. ಇನ್ನೊಂದು, ದೊರೆಯನ್ನು ತಡೆಯಬೇಕಾದ ಸಭೆಗೆ ಸ್ವಂತ ಸೈನ್ಯವಿರಲಿಲ್ಲ. ಹೀಗಾಗಿ ಕೊಲೆಗಳು ಮತ್ತೆ ನಡೆದವು. ಎರಡನೇ ಹುಜ್ಜಿಯನನ್ನು ಒಂದನೇ ಮುವತಲ್ಲಿ ಕೊಂದ, ಅವನನ್ನು ಬೇರೆಯವರು ಕೊಂದರು. ಕ್ರಿ.ಪೂ. 14ನೇ ಶತಮಾನದಲ್ಲಿ ಹಿಟ್ಟೈಟರನ್ನು ಮಹಾಸಾಮ್ರಾಜ್ಯವಾಗಿಸಿದ ಒಂದನೇ ಸುಪ್ಪಿಲುಲಿಯುಮ ಕೂಡ ಗದ್ದುಗೆಗೆ ಬಂದದ್ದು ಪಟ್ಟದ ಹಕ್ಕುದಾರ ಕಿರಿಯ ತುಧಲಿಯನ ಹತ್ಯೆಯ ಮೇಲೆಯೇ. ಮುಂದೆ ನಾಡಿಗೆ ಮಹಾಮಾರಿ ಬಡಿದು 20 ವರ್ಷ ಬಿಡದಿದ್ದಾಗ, ಮಗ ಎರಡನೇ ಮುರ್ಸಿಲಿ ದೇವರ ಮುಂದೆ ಅಪ್ಪನ ಆ ಪಾಪವನ್ನು ಒಪ್ಪಿಕೊಂಡ.

ಇದೇ ಸುಪ್ಪಿಲುಲಿಯುಮ ನೆರೆಯ ರಾಜ್ಯ ಮಿತಾನಿಯ ಶತ್ತಿವಾಜನಿಗೆ ಮಗಳನ್ನು ಕೊಟ್ಟು ಅವನನ್ನು ಅಲ್ಲಿನ ಗದ್ದುಗೆಗೇರಿಸಿದ. ತನ್ನ ಮಗಳೇ ಪಟ್ಟದರಸಿ, ಬೇರೆ ಯಾವ ಹೆಂಡತಿಯೂ ಅವಳಿಗೆ ಸಮನಾಗಬಾರದು ಎಂಬುದು ಒಪ್ಪಂದದ ಷರತ್ತು. ಅದಕ್ಕೆ ಸಾಕ್ಷಿಗಳಾಗಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳೂ ಇವೆ ಎಂಬುದು ನಮ್ಮ ಓದುಗರಿಗೆ ವಿಶೇಷ ಅನಿಸಬಹುದು.

ಕಟ್ಟಳೆಗೆ ನಿಜವಾದ ಪರೀಕ್ಷೆ ಬಂದದ್ದು ಈಜಿಪ್ಟಿನ ವಿರುದ್ಧ ನಡೆದ ಕ್ರಿ.ಪೂ. 1274ರ ಕಾದೇಶ್ ಯುದ್ಧದ ನಂತರ. ಎರಡನೇ ಮುವತಲ್ಲಿಗೆ ಪಟ್ಟದರಸಿಯಿಂದ ಮಗನಿರಲಿಲ್ಲ. ಎರಡನೇ ದರ್ಜೆಯ ಮಗ ಉರ್ಹಿ-ತೇಶುಬ್ ಗದ್ದುಗೆ ಏರಿದ್ದು ನಿಯಮದಂತೆಯೇ. ಅವನು ಚಿಕ್ಕಪ್ಪ ಹತ್ತುಸಿಲಿಯ ಆಡಳಿತದಲ್ಲಿದ್ದ ನಾಡುಗಳನ್ನು ಒಂದೊಂದಾಗಿ ಕಿತ್ತುಕೊಂಡ. ಏಳು ವರ್ಷ ಸಹಿಸಿದೆ ಎನ್ನುವ ಚಿಕ್ಕಪ್ಪ ಕೊನೆಗೆ ದಂಡೆತ್ತಿ ಬಂದು, ಸಮುಹದಲ್ಲಿ ಅವನನ್ನು ಸೆರೆಹಿಡಿದು ಗಡೀಪಾರು ಮಾಡಿ, ಮೂರನೇ ಹತ್ತುಸಿಲಿಯಾದ. ಕಾನೂನಿನ ಪ್ರಕಾರ ಇದು ಗದ್ದುಗೆಯ ಅಪಹರಣವೇ. ಅದಕ್ಕೇ ಅವನ ಆತ್ಮಸಮರ್ಥನೆಯಲ್ಲಿ ಕಟ್ಟಳೆಗಿಂತ ಇಷ್ತಾರ್ ದೇವಿಯ ಕೃಪೆಗೆ ಹೆಚ್ಚು ಜಾಗ. ಕ್ರಿ.ಪೂ. 1259ರಲ್ಲಿ ಈಜಿಪ್ಟಿನ ಎರಡನೇ ರಾಮ್ಸೆಸ್ ಜೊತೆ ಮಾಡಿಕೊಂಡ ಶಾಂತಿ ಒಪ್ಪಂದದಲ್ಲೂ ತನ್ನ ಮಗನಿಗೇ ಪಟ್ಟ ಸಿಗುವಂತೆ ರಕ್ಷಣೆ ಕೇಳಿದ.

ಆ ಮಗ ನಾಲ್ಕನೇ ತುಧಲಿಯನ ಪೇಚು ಇನ್ನೂ ದೊಡ್ಡದು. ಸಿರಿಯಾ ಕಡೆಯ ಅಮುರ್ರುವಿನ ಸಾಮಂತನೊಂದಿಗಿನ ಒಪ್ಪಂದದಲ್ಲಿ 'ಮಸ್ತುರಿಯಂತೆ ನಡೆಯಬೇಡ' ಎಂದು ಎಚ್ಚರಿಸುತ್ತಾನೆ. ಮಸ್ತುರಿ ಸೇಹಾ ನದಿ ನಾಡಿನ ದೊರೆ. ಕೀಳು ದರ್ಜೆಯ ಮಗನನ್ನು ನಾನೇಕೆ ಕಾಯಲಿ ಎಂದು ಉರ್ಹಿ-ತೇಶುಬನ ಕೈಬಿಟ್ಟವನು. ಅವನು ಸೇರಿಕೊಂಡದ್ದು ತುಧಲಿಯನ ಅಪ್ಪನ ಪಕ್ಷವನ್ನೇ! ಎರಡನೇ ದರ್ಜೆಗೂ ಹಕ್ಕು ಕೊಟ್ಟ ಕಟ್ಟಳೆಯೇ ಆ ಹಕ್ಕನ್ನು ಹೀಗಳೆಯಲು ಮಾತನ್ನೂ ಒದಗಿಸಿತ್ತು.

ಮುವತಲ್ಲಿಯ ಇನ್ನೊಬ್ಬ ಮಗ ಕುರುಂತನನ್ನು ಹತ್ತುಸಿಲಿ ದಕ್ಷಿಣದ ತರ್ಹುಂತಸ್ಸದ ದೊರೆಯಾಗಿಸಿದ್ದ. ತುಧಲಿಯ ಹೊಸ ಒಪ್ಪಂದ ಮಾಡಿಕೊಂಡು ಅವನನ್ನು ಸಮಾಧಾನಪಡಿಸಿದ. ಆ ಒಪ್ಪಂದದ ಕಂಚಿನ ಫಲಕ 1986ರಲ್ಲಿ ಹತ್ತೂಸದ ಸ್ಫಿಂಕ್ಸ್ ಬಾಗಿಲ ಬಳಿ ಸಿಕ್ಕಿತು. ಸುಮಾರು 5 ಕಿಲೊ ತೂಕ. ಆದರೆ ಹತ್ತೂಸದಲ್ಲಿ ಸಿಕ್ಕ ಮುದ್ರೆಯಚ್ಚುಗಳಲ್ಲೂ ಕೊನ್ಯಾ ಬಳಿಯ ಹತಿಪ್ ಬಂಡೆಯಲ್ಲೂ ಕುರುಂತ ತನ್ನನ್ನು ಹತ್ತೂಸದ ದೊರೆಯ ಬಿರುದಾದ 'ಮಹಾರಾಜ' ಎಂದೇ ಕರೆದುಕೊಂಡಿದ್ದಾನೆ.

ತುಧಲಿಯನ ಮಗ ಮೂರನೇ ಅರ್ನುವಂದ ಸತ್ತಾಗ ಅವನಿಗೆ ಮಕ್ಕಳಿರಲಿಲ್ಲ. ತಮ್ಮ ಎರಡನೇ ಸುಪ್ಪಿಲುಲಿಯುಮನಿಗೆ ನಿಷ್ಠೆಯ ಪ್ರಮಾಣ ಮಾಡಿದ ಅಧಿಕಾರಿಯೊಬ್ಬ, ಗರ್ಭಿಣಿಯಾಗಿದ್ದ ಹೆಂಡತಿ ಯಾರಾದರೂ ಇದ್ದಾಳೆಯೇ ಎಂದು ವಿಚಾರಿಸಿದೆ, ಯಾರೂ ಇರಲಿಲ್ಲ ಎಂದು ದಾಖಲಿಸಿದ್ದಾನೆ. ತಮ್ಮನಿಗೆ ಪಟ್ಟ ಕಟ್ಟಲು ಅಷ್ಟು ಖಾತ್ರಿ ಬೇಕಾಗಿತ್ತು. ಹತ್ತೂಸದ ಕೊನೆಯ ದೊರೆ ಅವನೇ, ಕ್ರಿ.ಪೂ. 1180ರ ಹೊತ್ತಿಗೆ ಪಟ್ಟಣ ಬರಿದಾಯಿತು.

ಆದರೆ ಒಂದನೇ ಸುಪ್ಪಿಲುಲಿಯುಮ ತನ್ನ ಮಗ ಪಿಯಸ್ಸಿಲಿಗೆ ಕೊಟ್ಟ, ಯೂಫ್ರೆಟಿಸ್ ದಡದ ಕರ್ಕೆಮಿಶ್‌ನಲ್ಲಿ ಪಟ್ಟ ಅಪ್ಪನಿಂದ ಮಗನಿಗೆ ಸಾಗಿಬಂತು: ಸಹುರುನುವ, ಇನಿ-ತೇಶುಬ್, ತಲ್ಮಿ-ತೇಶುಬ್. 1985ರಲ್ಲಿ ಟರ್ಕಿಯ ಲಿದಾರ್ ಹ್ಯೂಯುಕ್‌ನಲ್ಲಿ ಸಿಕ್ಕ ಮುದ್ರೆಯಚ್ಚುಗಳಿಂದ ಐದನೆಯವನ ಹೆಸರೂ ತಿಳಿಯಿತು: ತಲ್ಮಿ-ತೇಶುಬನ ಮಗ, ಕರ್ಕೆಮಿಶ್ ದೊರೆ ಕುಜಿ-ತೇಶುಬ್.